ಒಲೆ ಆರಿಸುವ ಸರದಿ

ಮೇ ತಿಂಗಳ ಒಂದು ಮಧ್ಯಾಹ್ನ ಫೋನು ಬಂತು. ಮೇಲಿನ ಮಹಡಿಯ ಬಾಡಿಗೆಯವರ ನೀರಿನ ಜಗಳ ಬಿಡಿಸಿ ಆಗಷ್ಟೇ ಬಂದು ಕೂತಿದ್ದೆ, ತಲೆ ಮೊದಲೇ ಬಿಸಿಯಾಗಿತ್ತು. ಫೋನು ಮಾಡಿದವರು ನಮ್ಮ ಮಹಿಳಾ ಸಮಾಜದ ಆಗಿನ ಅಧ್ಯಕ್ಷೆ. ಇಂದಿರಾನಗರದಲ್ಲಿ ಸ್ವಂತ ಮನೆ, ಗಂಡ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಸಮಾಜದಲ್ಲಿ ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುವುದು. ಬಿಸಿಲು, ಮಾವಿನಹಣ್ಣು, ಮೊಮ್ಮಕ್ಕಳ ವಿಚಾರವೆಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಜೂನ್‌ನಲ್ಲಿ ಸಮಾಜ ಮತ್ತೆ ಶುರುವಾಗುತ್ತದಲ್ಲ, ಈ ಸಲ ಅಧ್ಯಕ್ಷೆ ನಾನೇ ಆಗಬೇಕಂತೆ.

ಸರದಿ ನನ್ನದಲ್ಲ ಎಂದೆ. ಈ ವರ್ಷ ಆಪಾ, ಅವರಾದ ಮೇಲೆ ನಾನು.

"ಗೊತ್ತು ರೀ. ಪಾಪ, ಅವ್ರಿಗೂ ಮನೇಲಿ ಕೆಲ್ಸ ಜಾಸ್ತಿ, ಬಿಟ್ಕೊಡ್ತಾರೆ. ನೀವಾದ್ರೆ ನಮ್ಮವ್ರು ನೋಡಿ."

ಆ ಕೊನೆಯ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕಗ್ಗದಾಸಪುರಕ್ಕೆ ಸೊಸೆಯಾಗಿ ಬಂದಾಗ ಅದಿನ್ನೂ ಊರೇ. ಈಗ ನಮ್ಮ ಬಾಡಿಗೆ ಮನೆಗಳು ಎದ್ದಿರುವ ಕಡೆ ಮಾವನವರು ರಾಗಿ ಬೆಳೆಯುತ್ತಿದ್ದರು. ಅಲ್ಲಿಂದ ಬಸ್ಸು ಹಿಡಿದು ಹಲಸೂರಿನ ಈ ಸಮಾಜಕ್ಕೆ ಬಂದ ಹೊಸದರಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದವರಲ್ಲಿ ಈ ಮೇಡಂ ಮೊದಲಿಗರು. ಅವತ್ತು ನಾನು ಅವರವಳಾಗಿರಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ಎತ್ತಿಕೊಂಡು, ಇಲ್ಲಿ ಬಾ ಎಂದು ಕೂರಿಸಿಕೊಂಡವರು ಆಪಾ. ಆಪಾ ಅಂದರೆ ಅಕ್ಕ, ನಾವೆಲ್ಲ ಕರೆಯುವುದೇ ಹಾಗೆ. ಶಿವಾಜಿನಗರದವರು, ಗಂಡನದು ಅಲ್ಲೇ ಹಾಸಿಗೆ ದಿಂಬಿನ ಅಂಗಡಿ. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ, ತರಕಾರಿಯವನ ಹತ್ತಿರ ತಮಿಳಿನಲ್ಲಿ ಚೌಕಾಸಿ ಮಾಡುವ, ನಮ್ಮ ಹತ್ತಿರ ಕನ್ನಡದಲ್ಲಿ ಜಗಳ ಆಡುವ ಹೆಂಗಸು. ನಿಜ, ಜಗಳ ಆಡುತ್ತಾರೆ. ಸಮಾಜದ ಅಂಗಳದ ಥ್ರೋಬಾಲ್‌ನಲ್ಲಿ ಗೆರೆ ತುಳಿದೆ ಅಂದರೆ ಗೇಟಿನ ಆಚೆಯ ಆಟೋದವರಿಗೂ ಕೇಳಿಸುವ ಹಾಗೆ ವಾದಿಸುತ್ತಾರೆ. ಅವರು ಸಾಧು ಹಸು ಎಂದು ನಾನೇನೂ ಹೇಳುವುದಿಲ್ಲ.

ಆಗುವುದಿಲ್ಲ ಎಂದು ಫೋನಿಟ್ಟೆ. ಆಮೇಲೆ ಆಪಾಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ರೇಗುತ್ತಾರೆ ಅಂದುಕೊಂಡಿದ್ದೆ, ನಕ್ಕುಬಿಟ್ಟರು. ಇಷ್ಟು ವರ್ಷ ಕಾದಿದ್ದೇನೆ, ಒಂದು ಫೋನಿಗೆಲ್ಲ ಬಿಟ್ಟುಕೊಡುತ್ತೇನಾ ಎಂದರು. ನನ್ನ ಸಿಟ್ಟು ಅವರ ನಗುವಿನಿಂದ ಇನ್ನಷ್ಟು ಏರಿತು.

ನಮ್ಮ ಸಮಾಜದ ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಚುನಾವಣೆ ಇಲ್ಲ. ಸೇರಿದ ಕ್ರಮದಲ್ಲಿ ಅಧ್ಯಕ್ಷೆಯ ಸರದಿ ಬರುತ್ತದೆ, ಆಗದವರು ಬೇಡ ಎನ್ನಬಹುದು. ಜೂನ್‌ನ ಮೊದಲ ಬುಧವಾರ, ಮಕ್ಕಳ ಶಾಲೆಗಳು ಶುರುವಾದ ಮೇಲೆ, ಹಾಲ್‌ನ ಬೀಗ ತೆಗೆದು, ಧೂಳು ಹೊಡೆದು, ನಡುವೆ ಒಂದು ಮೇಜು ಹಾಕಿ ಗ್ಯಾಸ್ ಒಲೆ ಇಡುತ್ತೇವೆ. ಹೋದ ವರ್ಷದ ಅಧ್ಯಕ್ಷೆ ಹಾಲಿಡಬೇಕು. ಸರದಿ ಬಂದವಳು ಒಲೆಯ ಎದುರು ಕೂರಬೇಕು. ಹಾಲು ಉಕ್ಕಿದ ತಕ್ಷಣ ಅವಳು ಕೈ ಚಾಚಿ ಒಲೆ ಆರಿಸಬೇಕು. ಅಲ್ಲಿಗೆ ಅವಳು ಅಧ್ಯಕ್ಷೆ. ಭಾಷಣವಿಲ್ಲ, ಹಾರವಿಲ್ಲ. ಈ ಹಾಲ್‌ಗೆ ಬಂದ ಮೊದಲ ದಿನ ಹಾಲುಕ್ಕಿಸುವಾಗ ಯಾರು ಅಧ್ಯಕ್ಷೆ ಆಗಬೇಕು ಎಂದು ಹಿರಿಯರೆಲ್ಲ ಜೋರು ಚರ್ಚೆಯಲ್ಲಿದ್ದರಂತೆ. ಹಾಲು ಉಕ್ಕಿ ಚೆಲ್ಲುತ್ತಿದ್ದರೂ ಯಾರಿಗೂ ಗಮನವಿಲ್ಲ. ಒಬ್ಬಾಕೆ ಮಾತ್ರ ಎದ್ದು ಓಡಿ ಆರಿಸಿದರಂತೆ. ನೋಡಿಕೊಳ್ಳುವವಳು ಇವಳೇ ಎಂದು ಅವರನ್ನೇ ಮಾಡಿದರು. ಅವತ್ತಿನಿಂದ ಬಂದ ಕ್ರಮ ಇದು. ಹೊರಗಿನವರಿಗೆ ನಗು ಬರಬಹುದು. ನಾನಂತೂ ಆ ಗಳಿಗೆಯನ್ನು ಒಂದು ವರ್ಷವೂ ತಪ್ಪಿಸಿಕೊಂಡಿಲ್ಲ.

ಅಧ್ಯಕ್ಷೆಗೆ ನಮ್ಮಲ್ಲಿ ದೊಡ್ಡ ಅಧಿಕಾರವೇನೂ ಇಲ್ಲ, ಒಂದನ್ನು ಬಿಟ್ಟು. ಹೊಸಬರನ್ನು ಸೇರಿಸಿಕೊಳ್ಳುವುದು ಅವಳ ಮಾತು. ಅದೂ ಒಲೆ ಆರಿಸುವ ಜೂನ್‌ನ ಆ ದಿನ ಮಾತ್ರ. ಆಪಾಗೆ ಬೇಕಾಗಿದ್ದದ್ದು ಅದೊಂದೇ. ಅವರ ಗಲ್ಲಿಯಲ್ಲಿ ನಾಲ್ವರು ಎಳೆ ಸೊಸೆಯರಿದ್ದರು. ಅಂಗಡಿಗಳ ಮೇಲಿನ ಒಂದೂವರೆ ಕೋಣೆಯ ಮನೆಗಳು, ಕೆಳಗಿಳಿದರೆ ಸಂತೆಯ ಹಾಗೆ ಜನ, ಕಾಲು ಬೀಸಿ ನಡೆಯಲಿಕ್ಕೂ ಜಾಗವಿಲ್ಲ. ಹೆಂಗಸರೇ ಇರುವ ಕಡೆ, ಕಾಂಪೌಂಡ್ ಇರುವ ಕಡೆ, ವಾರಕ್ಕೊಂದು ಮಧ್ಯಾಹ್ನ ಚೆಂಡು ಹಿಡಿದು ಓಡಬೇಕು ಎಂಬ ಆಸೆ ಅವರಿಗೆ. ಆಪಾ ಜೊತೆಗಿರುತ್ತಾರೆ ಅಂದರೆ ಕಳಿಸುತ್ತೇವೆ ಎಂದು ಅತ್ತೆಯರು ಒಪ್ಪಿದ್ದರು. ಆ ಒಪ್ಪಿಗೆಗೇ ಆಪಾ ಮನೆ ಮನೆ ಹತ್ತಿಳಿದಿದ್ದರು. ಹೋದ ವರ್ಷ ಕೇಳಿದಾಗ ಮೇಡಂ, ಮುಂದಿನ ವರ್ಷ ನೋಡೋಣ ಎಂದಿದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಒಂದೇ ಕಡೆಯಿಂದ ಅಷ್ಟು ಜನ ಬಂದರೆ ಸಮಾಜದ ಬ್ಯಾಲೆನ್ಸ್ ತಪ್ಪುತ್ತದೆ ಎಂದಿದ್ದರು. ಇಂದಿರಾನಗರದ ಅವರ ಒಂದೇ ರಸ್ತೆಯಿಂದ ಏಳು ಜನ ಬರುತ್ತಾರೆ. ಅದರಿಂದ ಯಾವ ಬ್ಯಾಲೆನ್ಸೂ ತಪ್ಪಿಲ್ಲ.

ಆ ಬುಧವಾರ ನಾನು ಸ್ಕೂಟರ್‌ನಲ್ಲಿ ಬೇಗ ಹೊರಟರೂ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ತಡವಾಗಿ ತಲುಪಿದೆ. ಜಗಲಿಯ ಬೆಂಚಿನ ಮೇಲೆ ಆ ನಾಲ್ವರೂ ಕೂತಿದ್ದರು. ಒಬ್ಬಳು ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದಳು, ನಾನು ಅದರ ಕಡೆ ನೋಡಿದ್ದಕ್ಕೆ ನಾಚಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಒಳಗೆ ಏಕೆ ಹೋಗಿಲ್ಲ ಎಂದು ಕೇಳಿದೆ. ಮೇಡಂ ಇಲ್ಲೇ ಕೂರಲು ಹೇಳಿದ್ದಾರೆ ಎಂದಳು. ಒಳಗೆ ಗೋಡೆಗೊರಗಿ ಹತ್ತು ಕುರ್ಚಿ ಖಾಲಿ ಇದ್ದವು.

ಮೇಜಿನ ಮೇಲೆ ನಮ್ಮ ಹಳೆಯ ಒಲೆ ಇರಲಿಲ್ಲ. ಅದರ ಜಾಗದಲ್ಲಿ ಕಪ್ಪಗೆ ಹೊಳೆಯುವ ಹೊಸ ಇಂಡಕ್ಷನ್ ಸ್ಟವ್ ಇತ್ತು, ಅದರ ಡಬ್ಬ ಮೇಜಿನ ಕೆಳಗೆ. ಗ್ಯಾಸ್ ಅಪಾಯ, ಇಷ್ಟು ಜನ ಸೇರುವ ಕಡೆ ಬೆಂಕಿ ಬೇಡ, ಇದು ಸಮಾಜಕ್ಕೆ ನನ್ನ ಕಾಣಿಕೆ ಎಂದು ಮೇಡಂ ಎಲ್ಲರಿಗೂ ಹೇಳಿ ಆಗಿತ್ತು, ಚಪ್ಪಾಳೆಯೂ ಆಗಿತ್ತು. ಆಪಾ ಎದುರಿನ ಕುರ್ಚಿಯಲ್ಲಿ ಹಸಿರು ಜರಿಯಂಚಿನ ದುಪಟ್ಟಾ ಹೊದ್ದು ಮದುವೆ ಹೆಣ್ಣಿನ ಹಾಗೆ ನೆಟ್ಟಗೆ ಕೂತಿದ್ದರು. ನನ್ನನ್ನು ನೋಡಿ ಹುಬ್ಬು ಹಾರಿಸಿದರು. ನಾನು ಹೋಗಿ ಅವರ ಹಿಂದೆ ನಿಂತೆ.

ಮೇಡಂ ಹಾಲಿಟ್ಟರು. ಪಾತ್ರೆಯ ಕಂಠದವರೆಗೂ ಹಾಲು. ಎಲ್ಲರೂ ಸುತ್ತ ನಿಂತೆವು. ಕೆನೆ ಕಟ್ಟಿತು, ನಡುವೆ ಉಬ್ಬಿತು, ಆಪಾ ಕೈ ಮುಂದೆ ತಂದರು. ಹಾಲು ಉಕ್ಕಿ ನಾಲ್ಕೂ ಕಡೆ ಸುರಿದು ಸ್ಟವ್‌ನ ಗುಂಡಿಗಳ ಮೇಲೆ ಹರಿಯಿತು. ಸ್ಟವ್ ಕೀ ಕೀ ಎಂದು ಕೂಗಿ, ಆಪಾಳ ಬೆರಳು ತಾಗುವ ಮೊದಲೇ, ತಾನೇ ಆಫ್ ಆಯಿತು. ಕೆಂಪು ದೀಪ ಹೋಯಿತು. ಹಾಲು ಸದ್ದಿಲ್ಲದೆ ಕೆಳಗಿಳಿಯಿತು.

ಆಪಾಳ ಕೈ ಗಾಳಿಯಲ್ಲೇ ನಿಂತಿತ್ತು.

ಮೇಡಂ ನಕ್ಕರು. "ಅಯ್ಯೋ, ಅದೇ ಆಫ್ ಆಗ್ಬಿಡ್ತಲ್ಲ. ಯಾರೂ ಆರಿಸ್ಲಿಲ್ಲ ಅಂದ್ರೆ ನಾನೇ ಇನ್ನೊಂದು ವರ್ಷ ಇರ್ಬೇಕೇನೋ."

ತಮಾಷೆಯ ದನಿಯಲ್ಲೇ ಹೇಳಿದ್ದು. ಆದರೆ ಇಂದಿರಾನಗರದ ಒಂದಿಬ್ಬರು ಕೂಡಲೇ, ಹೌದು ಮೇಡಂ, ನೀವೇ ಇರಿ, ಶುಭವೇ ಆಯಿತು ಎಂದು ಶುರು ಮಾಡಿಕೊಂಡರು. ಇನ್ನೊಬ್ಬಾಕೆ ಆಪಾಳ ಹೆಗಲು ತಟ್ಟಿ, ನಿಮಗೂ ತಲೆನೋವು ತಪ್ಪಿತು ಎಂದರು. ಮೇಡಂ ಆ ಸ್ಟವ್ ಅನ್ನು ಬೇಕೆಂದೇ ತಂದರು ಎಂದು ನಾನು ಹೇಳಲಾರೆ. ಅಷ್ಟು ದೂರ ಯೋಚಿಸುವ ತಲೆ ಅವರದಲ್ಲ. ಆದರೆ ಸಿಕ್ಕ ಅವಕಾಶವನ್ನು ಅವರು ಬಾಚಿಕೊಂಡ ವೇಗ ನೋಡಬೇಕಿತ್ತು. ಹೆಚ್ಚು ಹೊಟ್ಟೆ ಉರಿಸಿದ್ದು ಉಳಿದವರು. ಪ್ರತಿ ರಂಜಾನ್ ಹಬ್ಬಕ್ಕೆ ಆಪಾಳ ಮನೆಯ ಶೀರ್ ಖುರ್ಮಾ ಪಾಯಸದ ಡಬ್ಬಿ ಹೋಗದ ಮನೆ ಆ ಗುಂಪಿನಲ್ಲಿ ಒಂದೂ ಇರಲಿಲ್ಲ, ಮೇಡಂ ಮನೆಯೂ ಸೇರಿ. ಬಾದಾಮಿ ಇನ್ನಷ್ಟು ಹಾಕಬಹುದಿತ್ತು ಎಂದು ಸಲುಗೆಯಿಂದ ಹೇಳಿ ಕಳಿಸುತ್ತಿದ್ದವರು ಇದೇ ಜನ. ಈಗ ಒಬ್ಬೊಬ್ಬರೂ ತಮ್ಮ ತಮ್ಮ ಫೋನು ನೋಡಿಕೊಳ್ಳುತ್ತಿದ್ದರು, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು.

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಒಳ್ಳೆಯ ಮಾತಂತೂ ಬರುತ್ತಿರಲಿಲ್ಲ. ಆಪಾ ತಿರುಗಿ ನೋಡದೆಯೇ ನನ್ನ ಮಣಿಕಟ್ಟು ಹಿಡಿದು ಒತ್ತಿದರು.

"ಸುಮ್ನಿರು. ಕೇಳಿಸ್ಕೋ."

ಆಗ ನಮಗೆಲ್ಲ ಕೇಳಿಸಿತು. ಸ್ಟವ್‌ನ ಒಳಗಿನ ಫ್ಯಾನು ಗುಂಯ್ ಎಂದು ಇನ್ನೂ ತಿರುಗುತ್ತಿತ್ತು. ದೀಪ ಹೋದರೂ ಅದು ಒಳಗೊಳಗೇ ಓಡುತ್ತಲೇ ಇತ್ತು.

"ಎಲ್ಲಿ ಆರಿದೆ ಮೇಡಂ? ಇನ್ನೂ ಓಡ್ತಾ ಇದೆಯಲ್ಲ," ಎಂದರು ಆಪಾ.

ಎದ್ದರು. ದುಪಟ್ಟಾವನ್ನು ಹೆಗಲ ಮೇಲೆ ಎಳೆದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಗೋಡೆಯ ಹತ್ತಿರ ಹೋದರು. ಸ್ವಿಚ್ ಬೋರ್ಡ್‌ಗೆ ಅಡ್ಡವಾಗಿ ನಿಂತಿದ್ದಾಕೆ ಸರಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆಪಾ ಕಾದರು. ಆಕೆ ಸರಿದರು. ಆಪಾ ಸ್ವಿಚ್ ಒತ್ತಿದರು. ಫ್ಯಾನು ನಿಂತಿತು.

"ಈಗ ಆರ್ತು," ಎಂದರು.

ಮೊದಲು ಚಪ್ಪಾಳೆ ತಟ್ಟಿದವಳು ನಾನು. ಅಂಗೈ ಉರಿಯುವಷ್ಟು ಜೋರಾಗಿ ತಟ್ಟಿದೆ. ನನ್ನ ಜೊತೆ ಹಲಸೂರಿನ ಹಳೆಯ ತಮಿಳು ಅಜ್ಜಿಯೊಬ್ಬರು ಸೇರಿಕೊಂಡರು. ಆ ಮೊದಲ ದಿನ ಹಾಲು ಉಕ್ಕಿದ್ದನ್ನು ಕಂಡವರಲ್ಲಿ ಉಳಿದಿರುವವರು ಅವರೊಬ್ಬರೇ. ಆರಿಸಿದವಳೇ ಅಧ್ಯಕ್ಷೆ, ಮುಗೀತು ಎಂದು ಕೋಲಿನಿಂದ ನೆಲ ಕುಟ್ಟಿದರು. ಅವರ ಮಾತಿನ ಮೇಲೆ ಮಾತಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಹಾಗಾಗಿ ಉಳಿದವರೂ ತಟ್ಟಿದರು. ಎಲ್ಲರಿಗಿಂತ ಕೊನೆಗೆ ಮೇಡಂ, ಬೆರಳ ತುದಿಯಲ್ಲಿ.

ಆಪಾ ಕುರ್ಚಿಗೆ ವಾಪಸ್ ಬರಲಿಲ್ಲ. ನೇರ ಬಾಗಿಲಿಗೆ ಹೋಗಿ, ಮೊದಲು ದಖ್ಖನಿಯಲ್ಲಿ, ಆಮೇಲೆ ನಮಗೆಲ್ಲ ಕೇಳಲೆಂದು ಕನ್ನಡದಲ್ಲಿ ಕರೆದರು. "ಬನ್ರಮ್ಮಾ ಒಳ್ಗೆ. ಇವತ್ತಿಂದ ನೀವೂ ಇಲ್ಲಿಯವ್ರೇ."

ನಾಲ್ವರೂ ಚಪ್ಪಲಿ, ಶೂ ಬಿಟ್ಟು ಒಬ್ಬರ ಹಿಂದೆ ಒಬ್ಬರು ಬಂದು ಗೋಡೆಗೊರಗಿದ ಕುರ್ಚಿಗಳಲ್ಲಿ ಅಂಚಿಗೆ ಕೂತರು. ಇಷ್ಟು ಜನಕ್ಕೆ ಹಾಲು ಸಾಲುತ್ತದೆಯೇ ಎಂದು ಯಾರೋ ಹಿಂದಿನಿಂದ ಕೇಳಿದರು. ಅರ್ಧ ಹಾಲು ಮೇಜಿನ ಮೇಲೆ ಚೆಲ್ಲಿಹೋಗಿತ್ತಲ್ಲ. ಮೊದಲು ಹೊಸಬರಿಗೆ ಕೊಡಿ, ನಾವು ಹಳಬರು ನೋಡಿಕೊಳ್ಳೋಣ ಎಂದರು ಆಪಾ. ನಾನೇ ಲೋಟಗಳಿಗೆ ಬಗ್ಗಿಸಿಕೊಟ್ಟೆ. ನನ್ನ ಪಾಲಿಗೆ ಬರಲಿಲ್ಲ. ಮೇಡಂಗೆ ಲೋಟ ಹಿಡಿದಾಗ ಅವರು ಇವತ್ತು ಹಾಲು ಕುಡಿಯುವುದಿಲ್ಲ ಎಂದರು. ಯಾಕೆ ಎಂದು ನಾನು ಎಲ್ಲರೆದುರು ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನಡೆದರು.

ಆಮೇಲೆ ಅಂಗಳದಲ್ಲಿ ನೆಟ್ ಕಟ್ಟಿದೆವು. ಕ್ಯಾನ್ವಾಸ್ ಶೂಗಳ ಹುಡುಗಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಎಸೆದ ಮೊದಲ ಚೆಂಡು ಕಾಂಪೌಂಡ್ ದಾಟಿ ರಸ್ತೆಗೆ ಬಿತ್ತು. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಆಪಾ ಅವಳನ್ನು ಬೈದ ಬೈಗುಳ ಕೇಳಿ ಆಟೋದವನೊಬ್ಬ ಚೆಂಡು ತಂದು ಕೊಟ್ಟುಹೋದ.

ಐದಕ್ಕೆ ಎಲ್ಲರೂ ಹೊರಡುವಾಗ ಮೇಡಂ ಮೇಜಿನ ಕೆಳಗಿನ ಡಬ್ಬ ಎಳೆದರು. ಸ್ಟವ್ ಒರೆಸಿ, ವೈರು ಸುತ್ತಿ ಡಬ್ಬದಲ್ಲಿಟ್ಟರು. ಕಾಣಿಕೆ ಎಂದಿರಲ್ಲ ಎಂದೆ, ನನಗೆ ನಾಲಿಗೆ ಹಿಡಿತದಲ್ಲಿರಲಿಲ್ಲ. ಹಾಲು ಚೆಲ್ಲಿ ಹಾಳಾಗಿದೆ, ತೋರಿಸಿ ತರುತ್ತೇನೆ ಎಂದು ಡಬ್ಬವನ್ನು ಎದೆಗೊತ್ತಿಕೊಂಡು ನಡೆದರು. ಅವರ ಕಾರಿನ ಬಾಗಿಲು ತೆರೆದು ಹಿಡಿದವರು ಆಪಾ. ಅದನ್ನು ನೋಡಿ ನನಗೆ ಆಪಾಳ ಮೇಲೂ ಸಿಟ್ಟು ಬಂತು. ಆ ಸ್ಟವ್ ಮತ್ತೆ ಬರಲಿಲ್ಲ. ನಮ್ಮ ಹಳೆಯ ಒಲೆ ಹಿಂದಿನ ಕೋಣೆಯಲ್ಲಿ ಹರಿದ ನೆಟ್‌ಗಳ ಕೆಳಗೆ ಸಿಕ್ಕಿತು, ಏನೂ ಆಗಿರಲಿಲ್ಲ ಅದಕ್ಕೆ.

ಹಾಲ್‌ಗೆ ಬೀಗ ಹಾಕುವಾಗ ನಾವಿಬ್ಬರೇ ಉಳಿದಿದ್ದೆವು. ಆ ನಾಲ್ವರು ಗೇಟಿನ ಹತ್ತಿರ ಆಟೋ ನೋಡುತ್ತಿದ್ದರು, ಜೋರಾಗಿ ನಗುತ್ತಿದ್ದರು. ಬೀಗದ ಕೈ ತಿರುಗಿಸಲು ಆಪಾಗೆ ಆಗಲಿಲ್ಲ. ಎರಡು ಸಲ ಜಾರಿತು. ಸ್ವಿಚ್ ಒತ್ತುವಾಗ ಒಂದಿಷ್ಟೂ ಅಲುಗದಿದ್ದ ಕೈ. ಬೀಗ ನಾನು ಹಾಕಿದೆ. ಏನಾದರೂ ಸಮಾಧಾನದ ಮಾತು ಬೇಕಿತ್ತು, ನನಗೆ ಆ ವಿದ್ಯೆ ಮೊದಲೇ ಬಾರದು.

"ಬಿಡಿ ಆಪಾ, ಗೆದ್ವಲ್ಲ," ಎಂದೆ.

ಅವರು ನನ್ನನ್ನು ನೋಡಿದರು. ಕಣ್ಣು ಕೆಂಪಾಗಿತ್ತು.

"ಗೆಲ್ಲೋದೇನಿತ್ತು ಇದ್ರಲ್ಲಿ? ನನ್ ಸರದಿ ತಾನೆ."

ಬೀಗದ ಕೈಯನ್ನು ಅವರ ಕೈಗಿಟ್ಟು ಸ್ಕೂಟರ್ ಹತ್ತಿದೆ. ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.