ಚೌತಿ ಚಂದ್ರನ ಎರಡು ಫೋಟೋ

ಚೌತಿಯ ಸಂಜೆ ನಮ್ಮ ಅತ್ತಿಗೆ ಚಂದ್ರನ ಫೋಟೋ ತೆಗೆದರು. ಮರುದಿನವೇ ಕಳ್ಳಿ ಅನ್ನಿಸಿಕೊಂಡರು.

ಹಬ್ಬಕ್ಕೆಂದು ನಾನು ವಸ್ತಾರೆಯ ಅಣ್ಣನ ಮನೆಗೆ ಹೋಗಿದ್ದೆ. ವಾರದಿಂದ ಹಿಡಿದಿದ್ದ ಮಳೆ ಅವತ್ತು ಸಂಜೆ ಬಿಟ್ಟಿತು. ಮೋಡ ಸರಿದು ಎಳೆ ಚಂದ್ರ ಕಂಡ. ಅತ್ತಿಗೆ ಕಡುಬಿನ ಪಾತ್ರೆ ಅಲ್ಲೇ ಬಿಟ್ಟು, ಕಾಫಿ ಒಣಗಿಸುವ ಕಣಕ್ಕೆ ಟೆಲಿಸ್ಕೋಪ್ ಹೊತ್ತೊಯ್ದರು.

"ನಳಿನೀ, ಇವತ್ತು ಅವನನ್ನ ನೋಡ್ಬೇಡ ಮಾರಾಯ್ತಿ. ಇಲ್ಲದ ಅಪವಾದ ಬರುತ್ತೆ," ಎಂದು ಅಮ್ಮ ಬಾಗಿಲ ಒಳಗಿಂದಲೇ ಕೂಗಿದರು. (ಹೊರಗೆ ಬಂದರೆ ಕಂಡುಬಿಟ್ಟಾನು!)

"ನಾನೆಲ್ಲಿ ನೋಡ್ತಿದೀನಿ ಅತ್ತೆ? ನೋಡ್ತಿರೋದು ಫೋನು!"

ನಿಜವೇ. ಫೋನನ್ನು ಟೆಲಿಸ್ಕೋಪಿಗೆ ಸಿಕ್ಕಿಸಿದ್ದರು. ಅತ್ತಿಗೆ ವಕೀಲರಾಗಬೇಕಿತ್ತು. ಒಂದು ಫೋಟೋ ತೆಗೆಯುವಷ್ಟರಲ್ಲಿ ಮೋಡ ಮುಚ್ಚಿತು. ಕಾದು ಕೂತು, ಚಂದ್ರ ಮುಳುಗುವ ಮೊದಲು ಇನ್ನೊಂದು ತೆಗೆದರು.

ಅವರಿಗೆ ನಿಜವಾದ ಹಬ್ಬ ಮರುದಿನ ಬೆಳಿಗ್ಗೆ. ಫೋಟೋ ಪಕ್ಕದಲ್ಲಿ ಚಂದ್ರನ ನಕ್ಷೆ ಇಟ್ಟುಕೊಂಡು ಒಂದೊಂದೇ ಗುರುತು ಹಿಡಿದು ಹೆಸರು ಬರೆಯುವುದು. ಅಂಚಿನ ದುಂಡನೆಯ ಕಪ್ಪು ಕಲೆ ಸಂಕಟಗಳ ಸಮುದ್ರ. ಅದರ ಕೆಳಗೆ ಫಲವತ್ತತೆಯ ಸಮುದ್ರ. ಎರಡರಲ್ಲೂ ನೀರಿಲ್ಲ, ಕಪ್ಪು ಕಲ್ಲಿನ ಬಯಲು. (ನಗಬೇಡಿ. ನಮ್ಮ ತೋಟದಲ್ಲೂ ಕೆರೆ ಬ್ಲಾಕ್ ಅನ್ನೋ ಭಾಗವಿದೆ, ಅಲ್ಲಿ ಕೆರೆ ಎಲ್ಲಿದೆ?)

ಹೆಸರು ಬರೆದ ಮೊದಲ ಫೋಟೋವನ್ನು ಬೆಳೆಗಾರರ ಮೊಬೈಲ್ ಗ್ರೂಪಿಗೆ ಹಾಕಿದರು. ಆ ಗ್ರೂಪಿನಲ್ಲಿದ್ದ ಆಲ್ದೂರು ಕಡೆಯ ಮೇಷ್ಟ್ರೊಬ್ಬರು, "ಮೇಡಂ, ನಮ್ಮ ಶಾಲೆ ಸೈನ್ಸ್ ರೂಮಿಗೆ ಒಂದು ದೊಡ್ಡದು ಮಾಡಿಸಿ ಕೊಡ್ತೀರಾ?" ಎಂದು ಕೇಳಿದರು. ಅತ್ತಿಗೆಯ ಮುಖ ಅರಳಿತು.

ಅಷ್ಟರಲ್ಲಿ ದೂರದ ಘಟ್ಟದಂಚಿನ ಕೊಟ್ಟಿಗೆಹಾರದ ಹಿರಿಯ ಪ್ಲಾಂಟರ್ ಒಬ್ಬರ ಮೆಸೇಜು ಬಂತು. "ನಿನ್ನೆ ಸಂಜೆ ನಮ್ಮಲ್ಲಿ ಕೊಡೆ ಮಡಚೋಕಾಗ್ಲಿಲ್ಲ. ನಿಮಗೆ ಚಂದ್ರ ಎಲ್ಲಿ ಸಿಕ್ಕಿದ? ಇಂಟರ್ನೆಟ್ಟಿಂದ ಇಳಿಸಿದ ಫೋಟೋ ಚೆನ್ನಾಗಿದೆ ಮೇಡಂ." ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ಮೇಷ್ಟ್ರು ತಮ್ಮ ಕೋರಿಕೆಯನ್ನು ಅಳಿಸಿಬಿಟ್ಟರು.

ಅದೇ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಯಾರ ತೋಟಕ್ಕೆ ಎಷ್ಟು ಇಂಚು ಮಳೆ ಎಂದು ಬರೆಯುತ್ತಾರೆ. ಬರೆದದ್ದೇ ಲೆಕ್ಕ. ಯಾರಾದರೂ ಪುರಾವೆ ಕೇಳಿದ್ದುಂಟಾ?

ಅತ್ತಿಗೆ ಟೆಲಿಸ್ಕೋಪನ್ನು ಪೆಟ್ಟಿಗೆಗೆ ಹಾಕಿದರು. "ಸಾಕು ಮಾರಾಯ. ಇನ್ನು ನಾನು ತೆಗೆಯಲ್ಲ," ಎಂದರು. ನನಗೆ ತುಂಬಾ ಬೇಜಾರಾಯಿತು. ಸಿಟ್ಟೂ ಬಂತು.

"ನಾನು ಹೇಳ್ಲಿಲ್ವಾ" ಎಂದು ಅಮ್ಮ ಶುರು ಮಾಡುತ್ತಾರೆ ಅಂದುಕೊಂಡೆ. ಇಲ್ಲ. "ಕೃಷ್ಣನಿಗೇ ಬಿಡ್ಲಿಲ್ಲ, ನಿನ್ನ ಬಿಡುತ್ತಾ? ಸ್ಯಮಂತಕದ ಕತೆ ಓದು, ದೋಷ ಹೋಗುತ್ತೆ," ಎಂದರು ಮೆತ್ತಗೆ.

ಆದರೆ ಕೃಷ್ಣ ಕತೆ ಕೇಳುತ್ತಾ ಕೂರಲಿಲ್ಲವಲ್ಲ? ಕಾಡಿಗೆ ಹೋಗಿ ಮಣಿಯನ್ನೇ ಹುಡುಕಿ ತಂದ. ನಾನು ಅತ್ತಿಗೆಯನ್ನು ಒತ್ತಾಯಿಸಿ ಎರಡೂ ಫೋಟೋ ತೆರೆಸಿದೆ.

ಬೆಳಕು ಕತ್ತಲಿನ ಗಡಿಯಲ್ಲಿ ಅಟ್ಲಾಸ್ ಎಂಬ ಕುಳಿ. ಅದರಾಚೆ ಕತ್ತಲಲ್ಲಿ ಹರ್ಕ್ಯುಲಿಸ್ ಎಂಬ ಇನ್ನೊಂದು ಕುಳಿ. ಮೊದಲ ಫೋಟೋದಲ್ಲಿ ಆ ಜಾಗ ಬರೀ ಕಪ್ಪು. ಎರಡನೆಯದರಲ್ಲಿ ಅಲ್ಲೇ ಸಾಸಿವೆಯಷ್ಟು ಬಿಳಿ ಚುಕ್ಕಿ! ಕುಳಿಯ ಎತ್ತರದ ಅಂಚಿಗೆ ಆಗಷ್ಟೇ ಬಿಸಿಲು ತಾಗಿತ್ತು. ನಮ್ಮಲ್ಲೂ ಬೆಳಿಗ್ಗೆ ಮೊದಲು ಬಿಸಿಲು ಬೀಳುವುದು ಗುಡ್ಡದ ನೆತ್ತಿಗೇ ಅಲ್ಲವೇ? ಆ ಸಂಜೆ ಆ ಹೊತ್ತಿಗೆ ಚಂದ್ರ ಹೇಗಿರಬೇಕೆಂದು ತೋರಿಸುವ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ನೆರಳಿನ ಗಡಿ ಅದೇ ಜಾಗದಲ್ಲಿ ನಿಂತಿತ್ತು. ಕದಿಯಬೇಕಿದ್ದರೆ ಅದೇ ಸಂಜೆ, ಅದೇ ಹೊತ್ತಿಗೆ ತೆಗೆದದ್ದನ್ನೇ ಹುಡುಕಿ ಕದಿಯಬೇಕಿತ್ತು. ಅಷ್ಟು ಕಷ್ಟಪಡುವ ಕಳ್ಳರಿಗೆ ಸನ್ಮಾನ ಮಾಡಬೇಕು.

ಎಲ್ಲವನ್ನೂ ಬರೆದು ಗ್ರೂಪಿಗೆ ಹಾಕಿದೆವು. "ತಮಾಷೆಗೆ ಹೇಳಿದ್ದಮ್ಮಾ," ಎಂದರು ಪ್ಲಾಂಟರು. ಮೇಷ್ಟ್ರು ಮತ್ತೆ ಫೋಟೋ ಕೇಳಿದರು. ಅತ್ತಿಗೆ ಪೆಟ್ಟಿಗೆ ತೆರೆದು ಟೆಲಿಸ್ಕೋಪ್ ಒರೆಸಿಟ್ಟರು.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮೊನ್ನೆ ಅಣ್ಣ ಹೆಮ್ಮೆಯಿಂದ ಆ ಫೋಟೋವನ್ನು ತನ್ನ ಕಾಲೇಜು ಗೆಳೆಯರ ಗ್ರೂಪಿಗೆ ಹಾಕಿದ. "ನಮ್ಮ ಕಣದಿಂದ ಕಂಡ ಚಂದ್ರ" ಎಂದಷ್ಟೇ ಬರೆದಿದ್ದ. "ಸೂಪರ್ ಮಾರಾಯ!" "ಯಾವ ಟೆಲಿಸ್ಕೋಪು?" "ಇದನ್ನೆಲ್ಲ ಯಾವಾಗ ಕಲಿತೆ?" ಎಂದು ಮೆಚ್ಚುಗೆಯೋ ಮೆಚ್ಚುಗೆ. ಮಳೆಯ ಸುದ್ದಿ ಯಾರೂ ಎತ್ತಲಿಲ್ಲ.

ಅಣ್ಣನಿಗೆ ಇರುಸುಮುರುಸಾಯಿತು. "ತೆಗೆದದ್ದು ನಾನಲ್ಲ, ನನ್ನ ಹೆಂಡತಿ" ಎಂದು ಬರೆದ.

ಆಮೇಲೆ ಒಬ್ಬ ಕೇಳಿದ: "ಹೌದಾ? ಇಂಟರ್ನೆಟ್ಟಿಂದ ಇಳಿಸಿದ್ದಲ್ಲ ತಾನೇ?"

ಅಣ್ಣ ತೆಗೆದದ್ದು ಅಂದುಕೊಂಡಾಗ ನಿಜವಾಗಿದ್ದ ಚಂದ್ರ, ಅತ್ತಿಗೆ ತೆಗೆದದ್ದು ಎಂದ ಕೂಡಲೇ ಸುಳ್ಳಾದದ್ದು ಹೇಗೆ?