ವಿಷದ ಲೋಟದ ಮುನಿವೆಂಕಟಮ್ಮ

ಬೂದಿಗೆರೆಯಿಂದ ಸ್ವಲ್ಪ ಆಚೆಗೆ, ವಿಮಾನಗಳು ಹುಲ್ಲಿನ ಬಣವೆಯ ಮೇಲೇ ಚಕ್ರ ಊರುತ್ತವೇನೋ ಎಂಬಷ್ಟು ತಗ್ಗಿ ಹೋಗುವ ಆ ಊರಿನಲ್ಲಿ ಮೂವರು ಮುನಿವೆಂಕಟಮ್ಮಂದಿರಿದ್ದರು. ಒಬ್ಬಳು ಅಂಗಡಿ ಮುನಿವೆಂಕಟಮ್ಮ, ಇನ್ನೊಬ್ಬಳು ಮೇಲಿನಬೀದಿ ಮುನಿವೆಂಕಟಮ್ಮ. ನಮ್ಮವಳನ್ನು ಹುಡುಕಿಕೊಂಡು ಹೋಗುವವರು 'ವಿಷದ ಲೋಟದ ಮುನಿವೆಂಕಟಮ್ಮ' ಎಂದು ಕೇಳಬೇಕಾಗಿತ್ತು. ಕೇಳಿದರೆ ಜನ ನಗುತ್ತಲೇ ದಾರಿ ತೋರಿಸುತ್ತಿದ್ದರು. ಆ ಹೆಸರಿನಿಂದ ಅವಳಿಗೆ ಯಾವ ಬೇಸರವೂ ಇರಲಿಲ್ಲ. ಊರಲ್ಲಿ ಲೋಟ ಎಲ್ಲರ ಮನೆಯಲ್ಲೂ ಇರುತ್ತದೆ, ವಿಷದ ಲೋಟ ಇನ್ಯಾರ ಮನೆಯಲ್ಲಿದೆ ಎಂಬುದು ಅವಳ ವಾದ.

ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವುದು ಅವಳ ಕಸುಬು. ಗಂಡ ದೊಡ್ಡಬೀರಪ್ಪ ಹುಲ್ಲು ತರುವವನು, ಮಗ ಹರಿಪ್ರಸಾದ್ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುವವನು. ಸೊಸೆ ಧನುಶ್ರೀ ಹೊಸಕೋಟೆ ಕಡೆಯ ಹುಡುಗಿ, ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಸ.

ವಿಮಾನ ನಿಲ್ದಾಣ ಬಂದಮೇಲೆ ರಸ್ತೆ ಬಂತು, ರಸ್ತೆಯ ಹಿಂದೆಯೇ ಧಾರಾವಾಹಿಯವರು ಬಂದರು. ಊರಾಚೆಯ ಹಳೇ ಪಟೇಲರ ಮನೆಯನ್ನು ಬಾಡಿಗೆಗೆ ಹಿಡಿದು ರಾತ್ರಿ ಎಂಟು ಗಂಟೆಗೆ ಬರುವ ಕೌಟುಂಬಿಕ ಧಾರಾವಾಹಿಯೊಂದನ್ನು ಅಲ್ಲಿ ಚಿತ್ರೀಕರಿಸತೊಡಗಿದರು. ಅದರಲ್ಲಿ ನಾಗಲಾಂಬಿಕೆ ಎಂಬ ಕ್ರೂರ ಅತ್ತೆ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ, ಕಣ್ಣಲ್ಲಿ ಸೊಸೆಯನ್ನು ಸುಡುವ ಬೆಂಕಿ. ಪಾತ್ರ ಮಾಡುತ್ತಿದ್ದ ನಟಿಯ ಹೆಸರು ಕೀರ್ತನ. ಶೂಟಿಂಗಿನವರಿಗೆ ಹಾಲು ಕೊಡುತ್ತಿದ್ದವಳು ಮುನಿವೆಂಕಟಮ್ಮ.

ನಾಗಲಾಂಬಿಕೆ ಬಾಯಿ ತೆರೆದಾಗಲೆಲ್ಲ ಮೇಲೊಂದು ವಿಮಾನ ಬರುತ್ತಿತ್ತು. ಸದ್ದು ಅಡಗುವ ತನಕ ಎಲ್ಲರೂ ಕಾಯಬೇಕು. ಸೊಸೆಯ ಕೆನ್ನೆಗೆ ಎತ್ತಿದ ಕೈಯನ್ನು ಹಾಗೆಯೇ ಇಳಿಸಿ ಕೀರ್ತನ ಜಗಲಿಯ ಮೇಲೆ ಕೂರುವಳು. ಆ ಬಿಡುವಿನಲ್ಲಿ ಮುನಿವೆಂಕಟಮ್ಮ ಕಾಫಿ ಕೊಡುವಳು. ವಿಮಾನ ಹೋದಮೇಲೆ ಕೀರ್ತನ ಎದ್ದು ಹೋಗಿ ಉಳಿದ ಏಟನ್ನು ಹೊಡೆಯುವಳು. ಹೀಗೆ, ವಿಮಾನಗಳ ದಯೆಯಿಂದ ಇಬ್ಬರಿಗೂ ಗೆಳೆತನವಾಯಿತು.

ಊರಿನ ಹೆಂಗಸರೆಲ್ಲ ಟಿವಿಯ ಮುಂದೆ ಕೂತು ನಾಗಲಾಂಬಿಕೆಗೆ ಹಿಡಿಶಾಪ ಹಾಕುತ್ತಿದ್ದಾಗ ಮುನಿವೆಂಕಟಮ್ಮ ಒಬ್ಬಳೇ ಅವಳ ಪರ. "ಆಯಮ್ಮ ಏನ್ ತಪ್ ಹೇಳಿದ್ಲು? ಸೊಸೆ ಆದೋಳು ಏಳ್ ಗಂಟೆಗಂಟ ಮಲಗ್ಬೌದಾ?" ಎಂದು ಅವಳು ಟಿವಿಗೆ ಹೇಳುತ್ತಿದ್ದಳು. ಕೇಳಬೇಕಾದವಳು ಪಕ್ಕದಲ್ಲೇ ಕೂತಿರುತ್ತಿದ್ದಳು. ಧನುಶ್ರೀಯೂ ಟಿವಿಗೇ ಉತ್ತರ ಕೊಡುತ್ತಿದ್ದಳು: "ರಾತ್ರಿ ಶಿಫ್ಟ್ ಮುಗಿಸ್ಕೊಂಡ್ ಬಂದಿರ್ತಾಳೇನೋ ಪಾಪ." ಆ ಮನೆಯಲ್ಲಿ ಅತ್ತೆ ಸೊಸೆ ಎಂದೂ ನೇರವಾಗಿ ಜಗಳವಾಡಲಿಲ್ಲ. ಎಲ್ಲ ಟಿವಿಯ ಮೂಲಕವೇ.

ಸಂಗ್ರಹ ಶುರುವಾದದ್ದು ಒಂದು ಸೆರಗಿನ ಪಿನ್ನಿನಿಂದ. ಕೀರ್ತನ ಬೀಳಿಸಿಕೊಂಡು ಹೋದದ್ದು. ಆಮೇಲೆ ತುಟಿಯ ಬಣ್ಣ ಅಂಟಿದ ಕಾಗದದ ಕಪ್ಪು, ಮುರಿದ ಕೃತಕ ಉಗುರು, ಅಳುವ ದೃಶ್ಯಕ್ಕೆ ಬಳಸುವ ಗ್ಲಿಸರಿನ್ ಸೀಸೆ, ತುರುಬಿಗೆ ಸೇರಿಸುವ ಚೌರಿ. ಧಾರಾವಾಹಿ ಮುಗಿದ ದಿನ ಕೇಳಿ ಪಡೆದದ್ದು ಬೀಗದ ಕೈಗಳ ಗೊಂಚಲು. ಅದರಲ್ಲಿದ್ದ ಒಂದು ಕೀಲಿಯೂ ಯಾವ ಬೀಗಕ್ಕೂ ಆಗುತ್ತಿರಲಿಲ್ಲ, ಒಂದಂತೂ ಸ್ಪಷ್ಟವಾಗಿ ಸ್ಕೂಟರಿನದು. ಆದರೂ ಮುನಿವೆಂಕಟಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. "ಸದ್ಯ, ಆಯಮ್ಮನ ಹಲ್ಲುಜ್ಜೋ ಬ್ರಷ್ ತರ್ಲಿಲ್ವಲ್ಲ" ಎಂದು ದೊಡ್ಡಬೀರಪ್ಪ ಸಮಾಧಾನ ಪಟ್ಟುಕೊಂಡ. ನಗುವ ಹಕ್ಕು ನಮಗಿಲ್ಲ. ಯಾರೋ ಕವಿ ಮರೆತುಹೋದ ಛತ್ರಿಯನ್ನು ವರ್ಷಗಟ್ಟಲೆ ಬಿಚ್ಚದೆ ಇಟ್ಟುಕೊಂಡು ಮಳೆಯಲ್ಲಿ ನೆನೆದ ನಮ್ಮಂಥವರು ಯಾವ ಬಾಯಿಂದ ನಗುವುದು?

ಇವೆಲ್ಲ ಟಿವಿಯ ಪಕ್ಕದ ಗಾಜಿನ ಬೀರುವಿನಲ್ಲಿ ಕೂತವು. ಓದು ಬಾರದ ಅತ್ತೆಗಾಗಿ ಒಂದೊಂದಕ್ಕೂ ಚೀಟಿ ಬರೆದು ಅಂಟಿಸಿದವಳು ಧನುಶ್ರೀಯೇ. 'ನಾಗಲಾಂಬಿಕೆಯವರ ಉಗುರು, ಸೊಸೆಯನ್ನು ಪರಚಿದ್ದು' ಎಂದು ಒಂದು ಚೀಟಿ.

ಮೇಲಿನ ಹಲಗೆಯಲ್ಲಿ ಒಂಟಿಯಾಗಿ ನಿಂತದ್ದು ಒಂದು ಗಾಜಿನ ಲೋಟ. ನಾಗಲಾಂಬಿಕೆ ಹಾಲಿಗೆ ವಿಷ ಬೆರೆಸಿ ಸೊಸೆಗೆ ಕುಡಿಸಿದ ಲೋಟ ಅದೇ. ಆ ಸಂಚಿಕೆ ಬಂದ ರಾತ್ರಿ ಊರಲ್ಲಿ ಅರ್ಧ ಮನೆಗಳಲ್ಲಿ ಊಟ ಸೇರಲಿಲ್ಲ. ನಿಜದಲ್ಲಿ ಅದರೊಳಗಿದ್ದದ್ದು ಬಾದಾಮಿ ಪುಡಿ ಕಲಸಿದ ಹಾಲು. ಸಾಯಬೇಕಾಗಿದ್ದ ನಟಿ ಮೂರು ಸಲ ಕುಡಿದು ಸತ್ತು, "ಇನ್ನೊಂದ್ ಟೇಕ್ ತಗೊಳ್ಳೋಣ ಸರ್" ಎಂದು ತಾನಾಗಿಯೇ ಕೇಳಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಮುನಿವೆಂಕಟಮ್ಮನ ಹಸುವಿನ ಹಾಲು. ಇಡೀ ಕರ್ನಾಟಕವನ್ನು ಅಳಿಸಿದ ಹಾಲು ತನ್ನ ಕೊಟ್ಟಿಗೆಯದು ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ಸಂಚಿಕೆಯ ಮರುದಿನ ಬೆಳಿಗ್ಗೆ ಅವಳು ಸೊಸೆಗೆ ಹಾಲು ಕೊಟ್ಟಾಗ ಧನುಶ್ರೀ ಕೈ ಮುಗಿದು, "ಬೇಡತ್ತೆ, ನಂಗಿನ್ನೂ ಬದುಕೋ ಆಸೆ ಐತೆ" ಎಂದಳು. ಇಬ್ಬರೂ ನಕ್ಕರು. ಎರಡನೆಯ ದಿನವೂ ಅದೇ ಮಾತು. ಆಗ ಧನುಶ್ರೀ ಒಬ್ಬಳೇ ನಕ್ಕಳು. ಮೂರನೆಯ ದಿನ ಮುನಿವೆಂಕಟಮ್ಮ, "ಬೇಡಾಂದ್ರೆ ಬುಡು" ಎಂದು ಲೋಟವನ್ನು ಕುಕ್ಕಿದಳು. ಮೊದಲು ತಮಾಷೆಯಾಗಿದ್ದದ್ದು ಹಟವಾಯಿತು, ಹಟವೇ ಅಭ್ಯಾಸವಾಯಿತು. ಧನುಶ್ರೀ ಕಾರ್ಖಾನೆಯಿಂದ ಬರುವಾಗ ಪ್ಯಾಕೆಟ್ ಹಾಲು ತಂದು ತನ್ನ ಕಾಫಿಯನ್ನು ತಾನೇ ಮಾಡಿಕೊಳ್ಳತೊಡಗಿದಳು. ಎರಡು ಹಸು ಕರೆಯುವ ಮನೆಗೆ ಪ್ಯಾಕೆಟ್ ಹಾಲು! ಮುನಿವೆಂಕಟಮ್ಮನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಉಗುಳಲೂ ಆಗದು, ನುಂಗಲೂ ಆಗದು.

ಹೀಗಿರುವಾಗ ತಾಲ್ಲೂಕು ಪಂಚಾಯಿತಿ ಚುನಾವಣೆ ಬಂತು. ಕ್ಷೇತ್ರ ಮಹಿಳೆಯರಿಗೆ ಮೀಸಲು. ಶೂಟಿಂಗಿಗೆಂದು ಬಂದು ಆ ಊರನ್ನೇ ಮೆಚ್ಚಿ ಅಲ್ಲೊಂದು ಮನೆ ಕಟ್ಟಿಕೊಂಡಿದ್ದ ಕೀರ್ತನ ಪಕ್ಷೇತರಳಾಗಿ ನಿಂತಳು. ಮುನಿವೆಂಕಟಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿನವರು ಬೀರು ನೋಡಲು ಬಂದರೆ ಒಂದೊಂದನ್ನೂ ತೋರಿಸಿ, "ನಮ್ ತಾಲ್ಲೂಕ್ ಪಂಚಾಯ್ತಿ ಮೆಂಬರ್ರುದು" ಎಂದು ಆಗಲೇ ಹೇಳಲು ಶುರುಮಾಡಿದ್ದಳು. ಅಷ್ಟರಲ್ಲಿ ಚಿಹ್ನೆ ಹಂಚಿದರು. ಕೀರ್ತನಳಿಗೆ ಬಂದದ್ದು ಗಾಜಿನ ಲೋಟ.

ಎದುರಾಳಿಗಳಿಗೆ ಇನ್ನೇನು ಬೇಕು? ಮರುದಿನ ಸಂಜೆ ಡೈರಿಯ ಸಾಲಿನಲ್ಲಿ, ಎದುರು ಅಭ್ಯರ್ಥಿಯ ಅಕ್ಕ ನರಸಮ್ಮ ಕ್ಯಾನನ್ನು ಕೆಳಗಿಟ್ಟು ಶುರುಮಾಡಿದಳು.

"ಏನಕ್ಕಾ, ನಿಮ್ಮೋಳಿಗೆ ಲೋಟನೇ ಬಂತಂತೆ? ದೇವ್ರು ದೊಡ್ಡೋನು. ಯಾರ್ ಕೈಗೆ ಏನ್ ಕೊಡ್ಬೇಕು ಅಂತ ಗೊತ್ತೈತೆ ಅವನ್ಗೆ."

"ಲೋಟ ಅಂದ್ರೆ ಹಾಲು ಕಣಮ್ಮಿ. ಶುಭ."

"ಹಾಲೋ, ಹಾಲಲ್ಲಿ ಇನ್ನೇನೋ! ಸೊಸೆ ಸತ್ತೋದ್ಲಲ್ಲ, ನೋಡ್ಲಿಲ್ವಾ?"

"ಲೇ ನರಸಿ, ಅದು ನಮ್ ಹಸಿನ ಹಾಲು! ಅದಕ್ಕೆ ವಿಷ ಅಂತೀಯಾ?"

ನರಸಮ್ಮ ಸಾಲಿನ ಕಡೆಗೆ ತಿರುಗಿದಳು. "ಕೇಳ್ರಪ್ಪಾ! ನಿನ್ ಹಾಲು ಅಷ್ಟು ಅಮೃತ ಆಗಿದ್ರೆ ನಿನ್ ಸೊಸೆ ಯಾಕಕ್ಕಾ ಪ್ಯಾಕೆಟ್ ಹಾಲು ತತ್ತಾಳೆ? ಮನೇಲಿರೋ ಸೊಸೆನೇ ನಿನ್ ಕೈಲಿ ಒಂದ್ ತೊಟ್ಟು ಕುಡಿಯಾಕಿಲ್ಲ, ನಾವು ಲೋಟಕ್ಕೆ ವೋಟ್ ಹಾಕ್ಬೇಕಾ?"

ಸಾಲು ನಕ್ಕಿತು. ಮುನಿವೆಂಕಟಮ್ಮನ ಕಿವಿ ಬಿಸಿಯಾಯಿತು. ಇಂಥ ಹೊತ್ತಿನಲ್ಲಿ ಮನುಷ್ಯರ ಬಾಯಿಂದ ಬರಬಾರದ ಮಾತೊಂದು ಬಂದೇ ಬರುತ್ತದೆ.

"ನಾಳೆ ಬೆಳಿಗ್ಗೆ ಇದೇ ಜಾಗ್ದಲ್ಲಿ, ಅದೇ ಲೋಟದಲ್ಲಿ, ನನ್ ಸೊಸೆ ಕುಡೀತಾಳೆ. ಕಣ್ ಬಿಟ್ಕಂಡು ನೋಡಿವ್ರಂತೆ!"

ಹೇಳಿದ್ದು ಸುಲಭವಾಯಿತು. ಅದನ್ನು ಸೊಸೆಗೆ ಹೇಳುವುದು ಹೇಗೆ? ಆ ಸಂಜೆ ಅವಳು ಟಿವಿಯ ಮುಂದೆ ಕೂತು, "ಹಸಿನ ಹಾಲು ಕುಡುದ್ರೆ ಮೈಗೆ ಒಳ್ಳೇದು ಅಂತಾರಪ್ಪ" ಎಂದಳು. ಟಿವಿಯಲ್ಲಿ ಹವಾಮಾನ ವರದಿ ಬರುತ್ತಿತ್ತು. ಧನುಶ್ರೀ ಚಾನೆಲ್ ಬದಲಿಸಿದಳು. ಊಟದ ಹೊತ್ತಿಗೆ ಮುನಿವೆಂಕಟಮ್ಮ, "ನಾಳೆ ಕಾರ್ಖಾನೆ ಐತಾ?" ಎಂದು ಕೇಳಿದಳು. "ಐತೆ ಅತ್ತೆ, ಯಾಕೆ?" "ಏನಿಲ್ಲ ಬುಡು." ಇಡೀ ಊರನ್ನು ಎದುರು ಹಾಕಿಕೊಳ್ಳುವ ಧೈರ್ಯವಿದ್ದ ಹೆಂಗಸಿಗೆ, 'ನನ್ನ ಕೈಯಿಂದ ಒಂದು ಲೋಟ ಹಾಲು ಕುಡಿಯಮ್ಮ' ಎಂದು ಕೇಳುವ ಧೈರ್ಯ ಬರಲಿಲ್ಲ. ಕೇಳಿದ ಮೇಲೂ ಅವಳು ಬೇಡವೆಂದರೆ?

ಬೆಳಿಗ್ಗೆ ಡೈರಿಯ ಮುಂದೆ ಹಾಲು ಹಾಕುವವರಿಗಿಂತ ನೋಡುವವರೇ ಹೆಚ್ಚಾಗಿದ್ದರು. ಮುನಿವೆಂಕಟಮ್ಮ ಸೆರಗಿನಲ್ಲಿ ಸುತ್ತಿದ್ದ ಲೋಟವನ್ನು ತೆಗೆದು, ಮನೆಯಿಂದ ಕಾಯಿಸಿ ತಂದಿದ್ದ ಹಾಲನ್ನು ತುಂಬಿಸಿ ನಿಂತಳು. ಡೈರಿ ಕಾರ್ಯದರ್ಶಿ ಚಿನ್ನಸ್ವಾಮಿ ಗಾಬರಿಯಿಂದ ಓಡಿಬಂದ.

"ಮುನೆಂಕ್ಟಮ್ಮ, ಎಲೆಕ್ಷನ್ ಟೈಮು! ಡೈರಿ ಮುಂದೆ ಹಾಲು ಹಂಚಂಗಿಲ್ಲ."

"ಹಂಚ್ತಾ ಇಲ್ಲ ಸ್ವಾಮಿ, ನನ್ ಸೊಸೆಗೆ ಕೊಡ್ತಾ ಇವ್ನಿ. ಅದಕ್ಕೂ ತಹಸೀಲ್ದಾರ್ ಸೈನ್ ಬೇಕಾ?"

"ಮೊದ್ಲು ಟೆಸ್ಟ್ ಮಾಡಪ್ಪಾ, ಯಾವ್ದುಕ್ಕೂ ಒಳ್ಳೇದು" ಎಂದು ನರಸಮ್ಮ ಕೂಗಿದಳು.

ಚಿನ್ನಸ್ವಾಮಿ ಮೂವತ್ತು ವರ್ಷದಿಂದ ಆ ಮನೆಯ ಹಾಲನ್ನು ಅಳೆದವನು. "ಟೆಸ್ಟ್ ಯಾಕಮ್ಮ? ಮುನೆಂಕ್ಟಮ್ಮನ ಹಾಲಲ್ಲಿ ವಿಷ ಇರಾಕಿಲ್ಲ, ಅದಕ್ಕೆ ನಾನ್ ಗ್ಯಾರಂಟಿ. ನೀರು ಇರಲ್ಲ ಅಂತ ಮಾತ್ರ ಹೇಳಾಕಾಗಲ್ಲ" ಎಂದ.

ಜನ ನಗುತ್ತಿರುವಾಗಲೇ ಧನುಶ್ರೀ ಬಂದಳು. ಕಾರ್ಖಾನೆಯ ವ್ಯಾನು ನಿಲ್ಲುವುದು ಡೈರಿಯ ಮುಂದೆಯೇ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ದಾರಿಯ ಕೊನೆಯಲ್ಲಿ ಅತ್ತೆ, ಅತ್ತೆಯ ಕೈಯಲ್ಲಿ ಆ ಲೋಟ. ಇಲ್ಲಿ ಟಿವಿ ಇರಲಿಲ್ಲ, ಯಾರಿಗೆ ಹೇಳುವುದು? ಲೋಟವನ್ನು ಸುಮ್ಮನೆ ಮುಂದಕ್ಕೆ ಚಾಚಿದಳು. ಹಾಲು ಅಂಚಿನಿಂದ ತುಳುಕಿತು.

ಧನುಶ್ರೀ ಒಮ್ಮೆ ನರಸಮ್ಮನನ್ನು, ಒಮ್ಮೆ ತುಳುಕುವ ಆ ಲೋಟವನ್ನು ನೋಡಿದಳು. ಬ್ಯಾಗನ್ನು ಹೆಗಲಿಗೆ ಸರಿಸಿ, ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದೇ ಉಸಿರಿಗೆ ಕುಡಿದು ಮುಗಿಸಿದಳು.

ಮರುಕ್ಷಣ ಅವಳ ಕಣ್ಣು ಅಗಲವಾಯಿತು. ಒಂದು ಕೈ ಗಂಟಲಿಗೆ ಹೋಯಿತು. ಥೇಟು ಆ ಸಂಚಿಕೆಯ ಸೊಸೆಯಂತೆ ಎರಡು ಹೆಜ್ಜೆ ತೂರಾಡಿ, "ಅತ್ತೇ..." ಎಂದಳು. ಯಾರದೋ ಕ್ಯಾನು ಉರುಳಿತು. ಮುನಿವೆಂಕಟಮ್ಮ ಎರಡೂ ಕೈ ಚಾಚಿಕೊಂಡು ಸೊಸೆಯತ್ತ ನುಗ್ಗಿದಳು.

"ಅತ್ತೇ... ಸಕ್ಕರೆ ಸಾಲ್ದು!"

ಡೈರಿಯ ಶೀಟು ಹಾರಿಹೋಗುವಂತೆ ಜನ ನಕ್ಕರು. ಧನುಶ್ರೀ ತುಟಿಯ ಮೇಲಿನ ಹಾಲಿನ ಮೀಸೆ ಒರೆಸಿಕೊಂಡು ನರಸಮ್ಮನ ಕಡೆಗೆ ತಿರುಗಿದಳು. "ನಮ್ಮತ್ತೆ ಕೈಲಿ ನಾನ್ ಕುಡ್ದೆ ದೊಡ್ಡಮ್ಮ. ನಾಳೆ ನೀವು ನಿಮ್ ಸೊಸೆನ ಕರ್ಕೊಂಡ್ ಬನ್ನಿ, ಅವ್ಳು ಕುಡೀತಾಳಾ ನೋಡಾಣ." ನರಸಮ್ಮನ ಸೊಸೆ ತವರಿಗೆ ಹೋಗಿ ಯುಗಾದಿ ಒಂದು ಕಳೆದಿತ್ತು. ನರಸಮ್ಮ ಕ್ಯಾನು ಹುಡುಕತೊಡಗಿದಳು. ವ್ಯಾನು ಹಾರನ್ ಹೊಡೆಯಿತು, ಧನುಶ್ರೀ ಖಾಲಿ ಲೋಟವನ್ನು ಅತ್ತೆಯ ಕೈಗಿಟ್ಟು ಹತ್ತಿಕೊಂಡಳು. ಮುನಿವೆಂಕಟಮ್ಮ ಅಂದು ಡೈರಿಗೆ ಹಾಲು ಹಾಕುವುದನ್ನೇ ಮರೆತು, ತುಂಬಿದ ಕ್ಯಾನಿನ ಜೊತೆ ತಲೆ ಎತ್ತಿಕೊಂಡು ಮನೆಗೆ ನಡೆದಳು.

ಕೀರ್ತನ ಗೆದ್ದಳು. ಬೇರೆಯವರು ಅದಕ್ಕೆ ಬೇರೆ ಕಾರಣಗಳನ್ನು ಹೇಳಬಹುದು. ಮುನಿವೆಂಕಟಮ್ಮನ ಪ್ರಕಾರ ಕಾರಣ ಒಂದೇ.

ಗೆದ್ದ ವಾರದಲ್ಲೇ ಕೀರ್ತನ ಹಾರದ ಸಮೇತ ಅವರ ಮನೆಗೆ ಬಂದಳು. ಬೀರುವನ್ನೆಲ್ಲ ನೋಡಿ, ಚೀಟಿಗಳನ್ನು ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗ್ಲಿಸರಿನ್ ಇಲ್ಲದೆ ಅವಳ ಕಣ್ಣಲ್ಲಿ ನೀರು ಕಂಡದ್ದು ಮುನಿವೆಂಕಟಮ್ಮನಿಗೆ ಅದೇ ಮೊದಲು.

"ಮುನಿವೆಂಕಟಮ್ಮ, ಒಂದು ಕೇಳ್ತೀನಿ, ಇಲ್ಲ ಅನ್ನಬೇಡಿ. ಆ ಲೋಟ ನನಗೆ ಕೊಡಿ. ನನ್ನ ಗೆಲ್ಲಿಸಿದ್ದೇ ಅದು. ಮನೆ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಡ್ತೀನಿ."

ಹಿಂದಿನ ತಿಂಗಳಾಗಿದ್ದರೆ ಮುನಿವೆಂಕಟಮ್ಮ ಲೋಟದ ಜೊತೆ ಬೀರುವನ್ನೂ ಹೊತ್ತು ಕಾರಿಗೆ ಹಾಕುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಧನುಶ್ರೀ ನಿಂತು ನೋಡುತ್ತಿದ್ದಳು.

"ಇನ್ನೇನ್ ಬೇಕಾದ್ರೂ ತಗಂಡೋಗಿ ಕೀರ್ತನಮ್ಮ, ಲೋಟ ಮಾತ್ರ ಆಗಾಕಿಲ್ಲ."

"ಯಾಕೆ? ನಂದೇ ಅಲ್ವಾ ಅದು?"

"ಆಗ ನಿಮ್ದು. ಈಗ ಅದು ನನ್ ಸೊಸೆ ಕುಡ್ದಿರೋ ಲೋಟ."

ಹೇಳುತ್ತ ಸೊಂಟದ ಗೊಂಚಲನ್ನು ಬಿಚ್ಚಿ ಕೀರ್ತನಳ ಕೈಯಲ್ಲಿಟ್ಟಳು. "ಇದನ್ನ ತಗಂಡೋಗಿ. ಮೆಂಬರ್ ಆದೋರಿಗೆ ಬೇಕಾಯ್ತದೆ. ಹಂಗೇ ಇದ್ರಲ್ಲಿ ಯಾರ್ದೋ ಸ್ಕೂಟರ್ ಕೀ ಐತೆ, ಪಾಪ, ಕೊಟ್ಬುಡಿ."

"ಆಯ್ತು, ಕಾಫಿನಾದ್ರೂ ಕೊಡ್ತೀರೋ ಇಲ್ವೋ?"

"ಧನು, ಕಾಫಿ ಮಾಡವ್ವ."

"ನೀವೇ ಮಾಡಿ ಅತ್ತೆ" ಎಂದಳು ಧನುಶ್ರೀ, ಟಿವಿಯ ಕಡೆ ನೋಡದೆ. "ನಂಗೂ ಸೇರ್ಸಿ. ಈ ಸಲ ಸಕ್ಕರೆ ಸರ್ಯಾಗ್ ಹಾಕಿ."

ಮುನಿವೆಂಕಟಮ್ಮ ಸಕ್ಕರೆ ಡಬ್ಬಿಯನ್ನು ಇಡಿಯಾಗಿ ಕೆಳಗಿಳಿಸಿಕೊಂಡು ಒಲೆಯ ಮುಂದೆ ನಿಂತಳು. ಅಂದಿನ ಕಾಫಿ ಪಾಯಸಕ್ಕಿಂತ ಒಂದು ಕೈ ಹೆಚ್ಚೇ ಸಿಹಿಯಾಗಿತ್ತು. ಧನುಶ್ರೀ ಗುಟುಕು ಗುಟುಕಾಗಿ ಪೂರ್ತಿ ಕುಡಿದಳು. ತಾಲ್ಲೂಕು ಪಂಚಾಯಿತಿಯ ಹೊಸ ಸದಸ್ಯೆಯೂ ಮುಖ ಕಿವುಚದೆ, ನಗುತ್ತಲೇ, ತಳದ ತನಕ ಕುಡಿದು ಲೋಟ ಕೆಳಗಿಟ್ಟಳು. ಬಲ್ಲವರು ಹೇಳುವ ಪ್ರಕಾರ, ಅವಳ ಜೀವಮಾನದ ಅತ್ಯುತ್ತಮ ಅಭಿನಯ ಅದೇ.