ಹಿಂದಿನ ಮಗ್ಗದ ಮೇಲಿನ ಕೈ

ನಮ್ಮ ಬೀದಿಯಲ್ಲಿ ಗುಟ್ಟು ಅನ್ನುವುದು ನಿಲ್ಲುತ್ತಿರಲಿಲ್ಲ. ಜನ ಬಾಯಿಬಡುಕರು ಅಂತಲ್ಲ, ಕಿವಿ ಮಂದ. ದೊಡ್ಡಬಳ್ಳಾಪುರದ ನೇಕಾರರ ಬೀದಿ ಅದು, ನಾಲ್ಕು ಮನೆಗೊಂದು ಮಗ್ಗದ ಮನೆ. ಬೆಳಗ್ಗೆಯಿಂದ ಸಂಜೆಯವರೆಗೆ ಕರೆಂಟು ಮಗ್ಗದ ಖಟಖಟದಲ್ಲಿ ನಿಂತವರು ಹೊರಗೆ ಬಂದ ಮೇಲೂ ಆ ಸದ್ದನ್ನು ಮೀರಿಸುವ ಹಾಗೇ ಮಾತಾಡುತ್ತಿದ್ದರು. ಒಂದು ಮನೆಯ ಸಾರಿಗೆ ಉಪ್ಪು ಕಮ್ಮಿಯಾದರೆ ಐದನೆಯ ಮನೆಗೆ ತಿಳಿಯುತ್ತಿತ್ತು. ದೇವನಹಳ್ಳಿಯಿಂದ ಮದುವೆಯಾಗಿ ಬಂದ ನನ್ನ ಅತ್ತಿಗೆ ಮೊದಲ ವಾರವೆಲ್ಲ ಒಲೆಯ ಮುಂದೆ ಕೂತು ಅತ್ತಳು. ಮನೆಯವರೆಲ್ಲ ತನ್ನನ್ನು ಗದರುತ್ತಿದ್ದಾರೆ ಅಂದುಕೊಂಡಿದ್ದಳಂತೆ. ನಮ್ಮಪ್ಪ ಪಾಪ, "ಕಾಫಿ ಕುಡಿಯಮ್ಮ" ಅಂದಿದ್ದರು, ಅಷ್ಟೇ.

ಅಪ್ಪ ಆ ಕಾಫಿ ಕುಡಿಸಿದ ರೀತಿಯನ್ನು ನಾನು ಮಾಡಿ ತೋರಿಸಿದ ಮೇಲೇ ಅತ್ತಿಗೆ ಮೊದಲ ಸಲ ನಕ್ಕಿದ್ದು.

ಅದೇ ನನ್ನ ಹುಚ್ಚು. ಕೆಲವರು ಪಾರಿವಾಳ ಸಾಕುತ್ತಿದ್ದರು, ಕೆಲವರು ಡಬ್ಬಗಳಲ್ಲಿ ಸೇವಂತಿಗೆ ಬೆಳೆಸುತ್ತಿದ್ದರು. ನಾನು ಜನರನ್ನು ಸಾಕಿಕೊಂಡಿದ್ದೆ, ನನ್ನ ಗಂಟಲಿನಲ್ಲಿ. ನಲ್ಲಿ ಬಿಡುವವನು ಬೀದಿ ತಿರುವಿನಲ್ಲಿ ಕೆಮ್ಮುವುದು, ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬೈಯುವುದು, ಭಜನೆಮನೆಯ ಪೂಜಾರಪ್ಪ ಮಂತ್ರದ ನಡುವೆ ಬಾಳೆಹಣ್ಣು ಲೆಕ್ಕ ಹಾಕುವುದು, ಎಲ್ಲ ಇದ್ದವು. ನನ್ನನ್ನೂ ಬಿಟ್ಟಿರಲಿಲ್ಲ. ಕಡ್ಡಿಯಂಥ ಕಾಲು, ಎದೆಗಿಂತ ಮುಂದೆ ಚಾಚಿದ ಮೂಗು, ಹೆಣ್ಣುಮಕ್ಕಳು ಎದುರು ಬಂದರೆ ಇದ್ದಕ್ಕಿದ್ದ ಹಾಗೆ ದಪ್ಪವಾಗುವ ದನಿ, ಇದನ್ನೂ ಮಾಡಿ ತೋರಿಸುತ್ತಿದ್ದೆ. ಅಮ್ಮನಿಗೆ ಸಾಕಾಗಿ ಹೋಗಿತ್ತು. ತಟ್ಟೆ ಮುಂದೆ ಕೂತರೆ, "ಊಟಕ್ಕೆ ಬಂದಿರೋರು ಯಾರಪ್ಪಾ ಇವತ್ತು? ನನ್ನ ಮಗನೋ, ಪೋಸ್ಟಿನೋರೋ?" ಅನ್ನುತ್ತಿದ್ದಳು.

ಆಗ ನನಗೆ ಹತ್ತೊಂಬತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೀದಿಯ ಕೊನೆಯ ಮಗ್ಗದ ಮನೆಯಲ್ಲಿ ನಾನು ಬದಲಿ ನೇಕಾರ. ಅಂದರೆ ಯಾರಿಗಾದರೂ ಜ್ವರ ಬಂದರೆ ನನಗೆ ಹಬ್ಬ. ಯಾರಿಗೂ ಜ್ವರ ಬಾರದ ದಿನ ನೂಲಿನ ಗಂಟು ಹೊರುವುದು, ಎಣ್ಣೆ ಬಿಡುವುದು, ಕಸ ಗುಡಿಸುವುದು. ನನ್ನದೇ ಅನ್ನುವ ಒಂದು ಜೊತೆ ಮಗ್ಗ ಸಿಗಬೇಕು ಅನ್ನುವುದು ನನ್ನ ಆಸೆ. ಅದೇನೂ ಗುಟ್ಟಲ್ಲ. ಮೊದಲೇ ಹೇಳಿದೆನಲ್ಲ, ನಮ್ಮ ಬೀದಿಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಒಂದು ಜೊತೆ ಅಂದೆ. ಒಬ್ಬ ನೇಕಾರನಿಗೆ ಎರಡು ಮಗ್ಗ, ಒಂದು ಎದುರಿಗೆ, ಒಂದು ಬೆನ್ನ ಹಿಂದೆ. ಎದುರಿನದನ್ನು ಕಣ್ಣಿನಿಂದ ಕಾಯಬೇಕು, ಹಿಂದಿನದನ್ನು ಕಿವಿಯಿಂದ. ಹೊಕ್ಕಿನ ಎಳೆ, ಅಂದರೆ ಅಡ್ಡ ನೂಲು, ತುಂಡಾದರೆ ಅದನ್ನು ಹೊತ್ತು ಓಡಾಡುವ ಲಾಳಿ ಬರಿದೇ ಓಡಾಡುತ್ತದೆ, ಆಗ ಮಗ್ಗದ ಸದ್ದು ಒಂದು ಕೂದಲಿನಷ್ಟು ಬದಲಾಗುತ್ತದೆ. ಅದು ಹೊರಗಿನವರಿಗೆ ತಿಳಿಯುವುದಿಲ್ಲ. ನೇಕಾರ ಮಾತ್ರ ತಿರುಗದೆಯೇ ಕೈ ಹಿಂದೆ ಹಾಕಿ ಮಗ್ಗ ನಿಲ್ಲಿಸುತ್ತಾನೆ. ತಡವಾದರೆ ಸೀರೆಯ ಮೇಲೆ ಗೆರೆ ಬೀಳುತ್ತದೆ, ರೇಷ್ಮೆ ಹಾಳು. ಹಾಗಾಗಿ ನಮ್ಮಲ್ಲಿ ಕಿವಿ ಮಂದವಾದವನು ನೇಯಬಹುದಿತ್ತು, ಪೂರ್ತಿ ಹೋದವನು ನೇಯುವಂತಿರಲಿಲ್ಲ. ಅವನನ್ನು ಹೆಂಗಸರ ಜೊತೆ ನೂಲು ಸುತ್ತುವುದಕ್ಕೆ ಕೂರಿಸುತ್ತಿದ್ದರು. ಅದನ್ನು ಯಾರೂ ಶಿಕ್ಷೆ ಅಂತ ಕರೆಯುತ್ತಿರಲಿಲ್ಲ. ಶಿಕ್ಷೆ ಅಂತ ಗೊತ್ತಿರಲಿಲ್ಲ ಅಂತಲ್ಲ.

ನಮ್ಮ ಪಕ್ಕದ ಮನೆಯವರು ಆ ಮಗ್ಗದ ಮನೆಯ ಹಿರಿಯ ನೇಕಾರರು. ಸಂಬಂಧವೇನೂ ಇಲ್ಲ, ಆದರೂ ನನಗೆ ದೊಡ್ಡಪ್ಪ. ಅವರ ಹೆಂಡತಿ ದೊಡ್ಡಬೆಳವಂಗಲದ ಕಡೆಯವರು, ನನಗೆ ದೊಡ್ಡಮ್ಮ. ಸಂಜೆ ಕೈಕಾಲು ತೊಳೆದು ಬಂದ ಮೇಲೆ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಅವರಿಗೂ ನನಗೂ ಚೌಕಾಬಾರ. ಕಲ್ಲಿನ ಮೇಲೇ ಮನೆ ಕೊರೆದಿದ್ದರು. ನಾನು ಕವಡೆ ಆಡಿಸುತ್ತ ಯಾರದಾದರೂ ದನಿ ತೆಗೆದರೆ ಅವರು ನನ್ನ ಮುಖವನ್ನೇ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುವರು. "ಲೇ ಕೋತಿ, ನಿನ್ನನ್ನ ಹೆತ್ತೋಳಿಗೆ ಒಂದು ಬಿರುದು ಕೊಡ್ಬೇಕು ಕಣೋ."

ಒಂದು ಸಂಜೆ ಬೀದಿಯಲ್ಲಿ ಎತ್ತಿನ ಗಾಡಿಯ ಚಕ್ರ ಕಳಚಿ, ಅವರ ಬೆನ್ನಿಗೆ ಎರಡು ಮಾರು ದೂರದಲ್ಲಿ ದಢಾರನೆ ಬಿತ್ತು. ನಾನು ಎಗರಿ ಬಿದ್ದೆ, ಎದುರು ಮನೆಯ ಕೂಸು ಅತ್ತಿತು. ದೊಡ್ಡಪ್ಪ ಕವಡೆ ಎಸೆದು, "ಚೌಕ! ನಿಂದು ಹೋಯ್ತು ಕಣೋ" ಅಂದರು.

ನಾನು ಅವರ ಮುಖ ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ಮಗ್ಗದ ಮನೆಯಲ್ಲಿ ನಾವು ಮಾತಾಡುವುದು ತುಟಿಯಲ್ಲಿ ಮಾತ್ರ. ಆ ಸದ್ದಿನಲ್ಲಿ ದನಿ ಯಾರಿಗೆ ಬೇಕು? ಎದುರಿಗಿದ್ದವರ ತುಟಿ ಓದುವುದರಲ್ಲಿ ದೊಡ್ಡಪ್ಪನ ಸಮ ಇಲ್ಲ. ಹಾಗಾಗಿಯೇ ಇಷ್ಟು ದಿನ ಯಾರಿಗೂ ಅನುಮಾನ ಬಂದಿರಲಿಲ್ಲ.

ದೊಡ್ಡಮ್ಮ ಒಳಗಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. "ಗೊತ್ತಾಯ್ತೇನಪ್ಪಾ?" ಅಂದರು. "ವರ್ಷದ ಮೇಲಾಯ್ತು. ಏನೂ ಕೇಳ್ಸಲ್ಲ. ಗುಡುಗು ಬಂದ್ರೂ ನನ್ನ ಮುಖ ನೋಡಿ ತಿಳ್ಕೊತಾರೆ. ಯಾರಿಗೂ ಹೇಳ್ಬೇಡಪ್ಪ. ಹೆಂಗಸ್ರ ಸಾಲಿನಾಗೆ ಕೂರ್ಸಿದ್ರೆ ಇವ್ರು ಉಳಿಯಾಕಿಲ್ಲ."

"ಹೇಳಲ್ಲ ದೊಡ್ಡಮ್ಮ. ನಿಮ್ಮಾಣೆ."

ದೊಡ್ಡಪ್ಪ ಕವಡೆಗಳನ್ನು ನನ್ನ ಅಂಗೈಗೆ ಸುರಿದರು. "ಆಡೋ, ನಿನ್ನ ಸರದಿ."

ಅಲ್ಲಿಂದ ಮುಂದೆ ನಾನು ಅವರನ್ನು ಗಮನಿಸತೊಡಗಿದೆ. ಗಮನಿಸುವುದು ನನ್ನ ಕಾಯಿಲೆ. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತರೆ, ಆ ನಿಶ್ಶಬ್ದದಲ್ಲಿ ಯಾರಾದರೂ ಹಿಂದಿನಿಂದ ಕರೆದಾರು ಅಂತ ದೊಡ್ಡಪ್ಪ ಬೀಡಿ ಹಚ್ಚಿಕೊಂಡು ಆ ಕ್ಷಣವೇ ಹೊರಗೆ ಹೋಗಿಬಿಡುತ್ತಿದ್ದರು. "ಬೀಡಿ ಸೇದೋಕೇ ಕರೆಂಟು ತೆಗೀತಾರೆ ಇವ್ರು" ಅಂತ ಉಳಿದವರ ತಮಾಷೆ. ನೇಯುವಾಗ ಕಣ್ಣು ಎದುರಿನ ಮಗ್ಗದ ಮೇಲೆ. ಎಡಗೈ ಮಾತ್ರ ಸೊಂಟದ ಹಿಂದಿನಿಂದ ಹಾದು ಬೆನ್ನ ಹಿಂದಿನ ಮಗ್ಗದ ಮರದ ಚೌಕಟ್ಟಿನ ಮೇಲೆ ಅಂಗೈ ಊರಿ ಕೂತಿರುತ್ತಿತ್ತು. ಐದು ಬೆರಳೂ ಅಗಲಿಸಿ. ಕಿವಿ ಮಾಡಬೇಕಾದ ಕೆಲಸವನ್ನು ಅಂಗೈ ಮಾಡುತ್ತಿತ್ತು. ಎಳೆ ತುಂಡಾದರೆ ಮರದ ನಡುಕ ಬದಲಾಗುತ್ತಿತ್ತಂತೆ. ಇಡೀ ವರ್ಷದಲ್ಲಿ ಅವರ ಸೀರೆಯ ಮೇಲೆ ಗೆರೆ ಬಿದ್ದದ್ದನ್ನು ನಾನು ಕಾಣೆ. ಕಿವಿ ಇದ್ದ ನನ್ನ ಸೀರೆಯ ಮೇಲೆ ಬಿದ್ದವನ್ನು ಹೇಳದಿರುವುದೇ ವಾಸಿ.

ಆ ಕೈ, ಕುತ್ತಿಗೆ ಒಂದಿಷ್ಟು ಓರೆ, ಅರೆಮುಚ್ಚಿದ ಕಣ್ಣು, ಇದೆಲ್ಲ ನನ್ನ ಮೈಗೆ ತಾನಾಗಿಯೇ ಬಂದುಬಿಟ್ಟಿತ್ತು. ಕಲಿತದ್ದಲ್ಲ. ಮನೆಯಲ್ಲಿ ಒಬ್ಬನೇ ಇದ್ದಾಗ ಕನ್ನಡಿ ಮುಂದೆ ಒಮ್ಮೆ ಮಾಡಿ ನೋಡಿ, ಎಷ್ಟು ಚೆನ್ನಾಗಿ ಬಂತು ಅಂತ ಹೆಮ್ಮೆಪಟ್ಟಿದ್ದೆ. ಈಗ ಅದನ್ನು ಬರೆಯುತ್ತಿದ್ದರೆ ಆ ಕನ್ನಡಿಗೆ ಉಗಿಯಬೇಕು ಅನ್ನಿಸುತ್ತದೆ.

ಆಯುಧಪೂಜೆ ಬಂತು. ವರ್ಷದಲ್ಲಿ ಆ ಒಂದು ದಿನ ಮಗ್ಗದ ಮನೆ ಪೂರ್ತಿ ತೆಪ್ಪಗಿರುತ್ತದೆ. ಮಗ್ಗಗಳನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಎಲ್ಲರಿಗೂ ಕಡ್ಲೆಪುರಿ, ಬೂಂದಿ. ಮಾಲೀಕರು ಬಿಳಿ ಪಂಚೆ ಉಟ್ಟು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರೂ ಒಂದು ಕಾಲಕ್ಕೆ ನೇಯುತ್ತಿದ್ದವರೇ, ದೊಡ್ಡಪ್ಪನ ಪಕ್ಕದ ಮಗ್ಗದಲ್ಲೇ. ಈಗಲೂ ದೊಡ್ಡಪ್ಪನನ್ನು "ಅಣ್ಣ" ಅನ್ನುತ್ತಿದ್ದರು.

"ಏಯ್, ಎಲ್ಲೋ ನಮ್ಮ ನಾಟಕದೋನು?" ಅಂದರು ಮಾಲೀಕರು. "ಬಾರೋ, ಇವತ್ತು ಸದ್ದಿಲ್ಲ. ಎಲ್ರನ್ನೂ ಮಾಡಿ ತೋರ್ಸು. ನನ್ನನ್ನೂ ಬಿಡ್ಬೇಡ."

ಬಿಡಲಿಲ್ಲ. ಮೊದಲು ಅವರನ್ನೇ ಮಾಡಿದೆ. ಪಂಚೆಯ ಚುಂಗು ಹಿಡಿದು, ಹೊಟ್ಟೆ ಮುಂದೆ ಬಿಟ್ಟು, "ಈ ಅಂಚು ಯಾಕಪ್ಪಾ ಹಿಂಗೆ ಅಳ್ತಾ ಐತೆ?" ಅಂದೆ. ನೂಲು ಸುತ್ತುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಎಳೆ ತುಂಡಾದಾಗಲೆಲ್ಲ ದೇವರಿಗೆ ಬೈಯುವ ಒಬ್ಬರನ್ನು ಮಾಡಿದೆ, ನಿಂತೇ ನಿದ್ದೆ ಮಾಡುವ ಇನ್ನೊಬ್ಬರನ್ನು ಮಾಡಿದೆ, ಜ್ವರ ಯಾರಿಗೆ ಬಂತು ಅಂತ ಬೆಳಗ್ಗೆ ಎದ್ದು ಬೀದಿಯೆಲ್ಲ ಹಣೆ ಮುಟ್ಟಿ ನೋಡುವ ನನ್ನನ್ನು ಮಾಡಿದೆ. ಅದಕ್ಕೆ ಬಿದ್ದ ನಗು ದೊಡ್ಡದು. ಅದರ ನಂತರ ಮಾಡಿದ್ದಕ್ಕೆ ನಗು ಸ್ವಲ್ಪ ಸವೆಯಿತು. ನಗು ಸವೆಯುವುದು ಗೊತ್ತಾದರೆ ನನ್ನಂಥವನಿಗೆ ಉಸಿರು ಕಟ್ಟುತ್ತದೆ. ಒಳಗೆ ಇನ್ನೇನಿದೆ ಅಂತ ಹುಡುಕಿದೆ. ಒಳ್ಳೆಯದು ಒಂದೇ ಉಳಿದಿತ್ತು.

ದೊಡ್ಡಪ್ಪ ಆ ಕೊನೆಯಲ್ಲಿ ನಮಗೆ ಬೆನ್ನು ಮಾಡಿ ತಮ್ಮ ಮಗ್ಗಕ್ಕೆ ಹಾರ ಕಟ್ಟುತ್ತಿದ್ದರು.

ನಾನು ತಿರುಗಿ ನಿಂತು ಎಡಗೈಯನ್ನು ಸೊಂಟದ ಹಿಂದಿನಿಂದ ತಂದು ಮಗ್ಗದ ಮೇಲಿಟ್ಟೆ. ಬೆರಳು ಅಗಲಿಸಿದೆ. ಕುತ್ತಿಗೆ ಓರೆ ಮಾಡಿ ಕಣ್ಣು ಅರೆಮುಚ್ಚಿದೆ. ಒಂದು ಮಾತೂ ಆಡಲಿಲ್ಲ. ಬೇಕಿರಲಿಲ್ಲ. ಇಡೀ ಮಗ್ಗದ ಮನೆ "ಅಯ್ಯಯ್ಯೋ, ಅವ್ರೇ!" ಅಂತ ಕೂಗಿಕೊಂಡಿತು. ಒಬ್ಬರು ಕಡ್ಲೆಪುರಿ ಗಂಟಲಿಗೆ ಸಿಕ್ಕಿ ಕೆಮ್ಮಿದರು.

ಮಾಲೀಕರೂ ನಕ್ಕರು. ನಗುತ್ತಲೇ, "ಮತ್ತೊಂದ್ಸಲ ಮಾಡೋ" ಅಂದರು.

ಮಾಡಿದೆ. ಈ ಸಲ ಅವರು ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. "ಹಿಂದಿನ ಮಗ್ಗದ ಮೇಲೆ ಯಾಕೆ ಕೈ ಇಡ್ತಾನೆ ಅಣ್ಣ?"

ಆಗ ನನಗೆ ಗೊತ್ತಾಯಿತು. ದೊಡ್ಡಪ್ಪನ ಪಕ್ಕದಲ್ಲೇ ನೇಯ್ದ, ಅವರ ಕೈ ಬಲ್ಲ ಮನುಷ್ಯನ ಮುಂದೆ ಮಾಡಿದ್ದೆ. "ಸುಮ್ನೆ ಸಾರ್, ತಮಾಷೆಗೆ. ನಾನೇ ಸೇರ್ಸಿದ್ದು" ಅಂದೆ. ಎಲ್ಲರ ದನಿ ಮಾಡುವ ಬಾಯಿಂದ ಒಂದು ನೆಟ್ಟಗಿನ ಸುಳ್ಳು ಬರಲಿಲ್ಲ, ಬೆಕ್ಕು ಕೆಮ್ಮಿದ ಹಾಗೆ ಬಂತು.

ಮಾಲೀಕರು ಕುರ್ಚಿಯಿಂದ ಎದ್ದರು. ಮಗ್ಗಗಳ ನಡುವೆ ನಡೆದು ದೊಡ್ಡಪ್ಪನ ಬೆನ್ನ ಹಿಂದೆ ನಿಂತರು. "ಅಣ್ಣಾ" ಅಂದರು, ಮೆಲ್ಲಗೆ. ದೊಡ್ಡಪ್ಪ ಹೂವಿನ ಗಂಟು ಬಿಗಿಯುತ್ತಿದ್ದರು. "ಅಣ್ಣಾ!" ಅಂದರು, ನಮ್ಮ ಬೀದಿಯ ಗಟ್ಟಿ ದನಿಯಲ್ಲಿ. ಕೊನೆಗೆ ಎರಡೂ ಕೈ ಸೇರಿಸಿ ಚಪ್ಪಾಳೆ ಹೊಡೆದರು. ಜಂತಿಯ ಮೇಲಿದ್ದ ಗುಬ್ಬಿಗಳು ಹಾರಿ ಹೋದವು. ದೊಡ್ಡಪ್ಪ ಕಳಚಿ ಬಿದ್ದಿದ್ದ ಒಂದು ಹೂವನ್ನು ಎತ್ತಿ ಮತ್ತೆ ಸಿಕ್ಕಿಸಿದರು.

ಹಾರ ಸರಿಯಾಯಿತು ಅಂತ ಎರಡು ಹೆಜ್ಜೆ ಹಿಂದೆ ಸರಿದಾಗ ದೊಡ್ಡಪ್ಪ ಮಾಲೀಕರಿಗೆ ತಾಗಿದರು. ತಿರುಗಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡು, ನನ್ನ ಆಟ ಇನ್ನೂ ನಡೆದಿದೆ ಅಂದುಕೊಂಡರು. ನಕ್ಕು, "ಚೆನ್ನಾಗ್ ಮಾಡ್ದಾ ನಮ್ಮ ಕೋತಿ?" ಅಂದರು.

ಯಾರ ತುಟಿಯೂ ಅಲುಗಲಿಲ್ಲ. ಓದುವುದಕ್ಕೆ ಏನೂ ಸಿಗದೆ ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಕೊನೆಗೆ ನನ್ನ ಮುಖ. ಅಲ್ಲಿ ಓದಿಕೊಂಡರು.

ಮಾಲೀಕರು ಕೆಟ್ಟವರೇನಲ್ಲ. ಹಾಗಿದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ದೊಡ್ಡಪ್ಪನ ಹೆಗಲು ಹಿಡಿದು, ತುಟಿ ಕಾಣುವ ಹಾಗೆ ಎದುರಿಗೆ ನಿಂತು, "ಇನ್ಮೇಲೆ ನೂಲು ಸುತ್ತಣ್ಣ. ಕೂತು ಮಾಡೋ ಕೆಲ್ಸ" ಅಂದರು. ದೊಡ್ಡಪ್ಪ, "ಒಂದು ಗೆರೆ ತೋರ್ಸಪ್ಪಾ ನನ್ನ ಸೀರೇಲಿ" ಅಂದರು. ಮಾಲೀಕರು ತೋರಿಸಲಿಲ್ಲ, ಇರಲಿಲ್ಲ. "ನಾಳೆ ಬೀಳುತ್ತಲ್ಲಣ್ಣ" ಅಂದರು. ಹೊರಡುವಾಗ ನನ್ನ ಕಡೆ ತಿರುಗಿ, "ಸೋಮವಾರದಿಂದ ಆ ಜೊತೆ ನೀನು ನೋಡ್ಕೊ" ಅಂದರು.

ಬೇಡ ಅನ್ನಬಹುದಿತ್ತು. ಅಷ್ಟೊಂದು ದನಿ ಇಟ್ಟುಕೊಂಡವನಿಗೆ ಆ ಒಂದು ಮಾತಿಗೆ ದನಿ ಸಿಗಲಿಲ್ಲ. ತಲೆ ಆಡಿಸಿದೆ. ಅದನ್ನು ಹೂಂ ಅಂತಲೇ ತಿಳಿದರು, ಹೂಂ ಅಂತಲೇ ಆಡಿಸಿದ್ದೆ.

ಸಂಜೆಯ ಹೊತ್ತಿಗೆ ಬೀದಿ ತೀರ್ಮಾನ ಕೊಟ್ಟಾಗಿತ್ತು. "ಮಗ್ಗಕ್ಕೋಸ್ಕರ ಮಾಡ್ದ ಕಣ್ರೀ, ಎಂಥಾ ಐನಾತಿ!" ಅಂತ ದರ್ಜಿ ಕೂಗಿ ಹೇಳಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು. ಅಮ್ಮ ಅನ್ನ ಬಡಿಸಿದಳು. ಮಗ್ಗಕ್ಕೋಸ್ಕರವಲ್ಲ, ನಗುವಿಗೋಸ್ಕರ ಅಂತ ಕೂಗಿ ಹೇಳಬೇಕು ಅನ್ನಿಸಿತು. ಅದೇನು ದೊಡ್ಡ ಮರ್ಯಾದೆಯೇ? ಆ ಕೈ ಆಡಿಸುವಾಗ ಮಗ್ಗದ ಆಸೆ ಮನಸ್ಸಿನಲ್ಲಿ ಇರಲಿಲ್ಲ ಅಂತ ಆಣೆ ಮಾಡಲಾರೆ. ಆಣೆ ಹಾಕುವುದು ನನಗೆ ಎಷ್ಟು ಸುಲಭ ಅಂತ ದೊಡ್ಡಮ್ಮನಿಗೂ ಗೊತ್ತು.

ಭಾನುವಾರ ಜಗಲಿಗೆ ಹೋದೆ. ದೊಡ್ಡಪ್ಪ ಕೂತಿದ್ದರು. ದೊಡ್ಡಮ್ಮ ಬಾಗಿಲ ಬಳಿ ಹುರುಳಿ ಕೇರುತ್ತಿದ್ದವರು ಮೊರ ನಿಲ್ಲಿಸಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ, "ಎಲ್ರೂ ಅಂದ್ರು, ಹಂಗೇ ಮಾಡ್ದ ಅಂತ. ನಾನು ನೋಡ್ಲಿಲ್ಲ ಕಣೋ. ಮಾಡಿ ತೋರ್ಸು" ಅಂದರು.

"ಬೇಡ ದೊಡ್ಡಪ್ಪ."

"ಊರಿಗೆಲ್ಲಾ ತೋರ್ಸಿದ್ದೀಯ. ನಂಗೊಬ್ಬಂಗೆ ಬೇಡ್ವಾ? ಮಾಡೋ."

ಗೋಡೆಗೆ ಬೆನ್ನು ಕೊಟ್ಟು ನಿಂತು ಮಾಡಿದೆ. ಚೆನ್ನಾಗಿಯೇ ಬಂತು. ಹಾಳಾದ ಮೈ, ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಅವರು ಸೀರೆ ಮಡಿಸುವ ಮೊದಲು ಬೆಳಕಿಗೆ ಹಿಡಿದು ನೋಡುವ ಹಾಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇಷ್ಟು ಕುತ್ತಿಗೆ ಓರೆ ಮಾಡ್ತೀನಾ ನಾನು?" ಅಂತ ಹೆಂಡತಿಯನ್ನು ಕೇಳಿದರು.

ದೊಡ್ಡಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು.

ದೊಡ್ಡಪ್ಪ ಎದ್ದು ಪಂಚೆ ಕೊಡವಿಕೊಂಡರು. "ನಾಳೆ ಬೇಗ ಹೋಗು. ಹಿಂದಿನ ಮಗ್ಗದ ಬೆಲ್ಟು ಸಡಿಲ ಆಗೈತೆ. ನೋಡ್ಕೊಳ್ದಿದ್ರೆ ಮಧ್ಯಾಹ್ನಕ್ಕೆ ಜಾರ್ತೈತೆ" ಅಂದು ಬಾಗಿಲು ಹಾಕಿಕೊಂಡರು.

ಬೇಗ ಹೋದೆ. ಬೆಲ್ಟು ಸಡಿಲವಾಗಿಯೇ ಇತ್ತು. ಬಿಗಿ ಮಾಡಿ ಮಗ್ಗ ಓಡಿಸಿದೆ. ನೂಲು ಸುತ್ತುವ ಹೆಂಗಸರ ಸಾಲಿನ ಕೊನೆಯಲ್ಲಿ ದೊಡ್ಡಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದರು, ಯಾರ ತುಟಿಯೂ ಕಾಣದ ಹಾಗೆ.